ಹದಿನೆಂಟು ಕಚೇರಿಗಳ ಕೆಂಪು ಸೌಧ

ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ, ವಿಧಾನಸೌಧಕ್ಕೆ ಅಭಿಮುಖವಾಗಿ, ಕೆಂಪು ಬಣ್ಣದ ಎರಡಂತಸ್ತಿನ ನೀಳವಾದ ಕಟ್ಟಡವೊಂದಿದೆ. ಇಂದು ಅದು ಕರ್ನಾಟಕದ ಉಚ್ಚ ನ್ಯಾಯಾಲಯ. ಹಳಬರ ಬಾಯಲ್ಲಿ ಮಾತ್ರ ಅಠಾರಾ ಕಚೇರಿ.

ಉದ್ಯಾನವಿದ್ದೆಡೆ ಕಟ್ಟಡವೆದ್ದಿತೆಂದು ಅನೇಕರು ಭಾವಿಸುವುದುಂಟು. ವಾಸ್ತವವಾಗಿ ಕಟ್ಟಡವೇ ಹಿರಿಯದು. 1831ರಲ್ಲಿ ಮೈಸೂರಿನ ಆಡಳಿತವು ಬ್ರಿಟಿಷ್ ಕಮಿಷನರರ ಕೈಸೇರಿದ ಮೇಲೆ, ಸರ್ಕಾರದ ಕಚೇರಿಗಳು ಬೆಂಗಳೂರು ಕೋಟೆಯ ಟಿಪ್ಪುವಿನ ಅರಮನೆಯಲ್ಲಿ ನಡೆಯುತ್ತಿದ್ದುವು. ಬೌರಿಂಗ್ ಕಮಿಷನರಾಗಿದ್ದಾಗ ಹೊಸ ಸೌಧದ ಕೆಲಸ 1864ರಲ್ಲಿ ಆರಂಭವಾಗಿ 1868ರಲ್ಲಿ ಮುಗಿಯಿತು. ನಕ್ಷೆ ಇಂಜಿನಿಯರ್ ಸ್ಯಾಂಕಿಯವರದು. ಕಟ್ಟಿಸಿದವರು ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರು. ಸರ್ಕಾರದ ಹದಿನೆಂಟು ಇಲಾಖೆಗಳು ಇಲ್ಲಿ ನೆಲೆಸಿದ್ದರಿಂದ, ಹಿಂದೂಸ್ತಾನಿಯ ‘ಅಠಾರಾ’ ಎಂಬ ಎಣಿಕೆಯೇ ಹೆಸರಾಗಿ ನಿಂತಿತು. ಸ್ಯಾಂಕಿಯವರೇ ಸುತ್ತಲ ಉದ್ಯಾನವನ್ನು ರೂಪಿಸಿದ್ದು 1870ರಲ್ಲಿ. ಮೊದಲು ಮೀಡ್ ಪಾರ್ಕ್ ಎನಿಸಿದ ಅದಕ್ಕೆ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾದರೂ ಜನರು ಕಬ್ಬನ್ನರ ಹೆಸರನ್ನು ಬಿಡಲಿಲ್ಲ.

ವಿಧಾನಸೌಧ ಸಿದ್ಧವಾದ ಬಳಿಕ ಸಚಿವಾಲಯವು ರಸ್ತೆ ದಾಟಿ ಅಲ್ಲಿಗೆ ಹೋಯಿತು. ಹಳೆಯ ಸೌಧ ನ್ಯಾಯಾಲಯದ ಪಾಲಾಯಿತು. ಹೊರನಾಡಿನ ನಾವು ಗಮನಿಸಬೇಕಾದ ಸಂಗತಿ ಇಲ್ಲಿದೆ. 1956ರ ಏಕೀಕರಣಕ್ಕೆ ಮುಂಚೆ ಧಾರವಾಡದ ಕಕ್ಷಿಗಾರನ ಮೇಲ್ಮನವಿ ಮುಂಬಯಿಗೂ, ಮಂಗಳೂರಿನವನದು ಮದರಾಸಿಗೂ, ಕಲಬುರ್ಗಿಯವನದು ಹೈದರಾಬಾದಿಗೂ ಹೋಗಬೇಕಾಗಿತ್ತು. ಏಕೀಕರಣದ ನಂತರ ಇವರೆಲ್ಲರ ದಾರಿಯೂ ಬೆಂಗಳೂರಿಗೆ ತಿರುಗಿತು. ಪರಕೀಯರು ಕಟ್ಟಿಸಿದ ಕಟ್ಟಡವೆಂದು ಮೂಗು ಮುರಿಯುವವರು ಇದನ್ನು ಮರೆಯಬಾರದು. ಧಾರವಾಡ, ಕಲಬುರ್ಗಿಗಳಲ್ಲಿ ಸಂಚಾರಿ ಪೀಠಗಳು ತೆರೆದದ್ದು 2008ರಲ್ಲಿ. ಅದುವರೆಗೆ ಬೀದರಿನ ರೈತನೂ ಈ ಕಂಬಗಳ ಸಾಲಿನ ಕೆಳಗೇ ಕಾಯಬೇಕಾಗಿತ್ತು. ದೂರದ ಪ್ರಯಾಣದ ಕಷ್ಟ ಸಣ್ಣದಲ್ಲ, ಅದು ಬೇರೆ ಮಾತು.

ಇಂಥ ಸೌಧವನ್ನು, ಹಳೆಯದಾಯಿತೆಂಬ ಕಾರಣಕ್ಕೆ, ಕೆಡವಿ ಹೊಸದನ್ನು ಕಟ್ಟುವ ಪ್ರಸ್ತಾಪವು 1982ರ ಸುಮಾರಿಗೆ ಎದ್ದಿತು. ನೂರು ವರ್ಷ ದಾಟಿದ್ದು ಕಲ್ಲಿನ ಕಟ್ಟಡಕ್ಕೆ ಯಾವ ದೊಡ್ಡ ವಯಸ್ಸು? ಪತ್ರಿಕೆಗಳಲ್ಲಿ ವಿಷಯ ಬಂದಿತು, ನಾಗರಿಕರು ಎಚ್ಚೆತ್ತರು, ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ದಾಖಲಾಯಿತು. ವಿಚಾರಣೆ ನಡೆದದ್ದು ಅದೇ ಕಟ್ಟಡದಲ್ಲಿ! ತನ್ನ ಉಳಿವು ಅಳಿವಿನ ವಾದವನ್ನು ಆ ಗೋಡೆಗಳೇ ಕೇಳಿಸಿಕೊಂಡವು. ಕೊನೆಗೆ ಸೌಧ ಉಳಿಯಿತು. ಮುಂದೆ ನ್ಯಾಯಾಲಯಕ್ಕೆ ಬೇಕಾದ ಸ್ಥಳವನ್ನು ಹಿಂಭಾಗದಲ್ಲಿ ಹೊಸದಾಗಿ ಕಟ್ಟಿ ಒದಗಿಸಲಾಯಿತು.