ಬಲವಾದ ಎಲೆ, ಪಣ ಏರಿಸುವ ಎದುರಾಳಿ: ಪೋಕರ್ ಆಟದ ಲೆಕ್ಕಾಚಾರ

ಗಜೇಂದ್ರಗಡ: ದೀಪಾವಳಿ, ಯುಗಾದಿ ಬಂತೆಂದರೆ ಉತ್ತರ ಕರ್ನಾಟಕದ ಊರುಗಳಲ್ಲಿ ಇಸ್ಪೀಟಿನ ಎಲೆಗಳು ಹೊರಬರುವುದು ಹಳೆಯ ರೂಢಿ. ಗಜೇಂದ್ರಗಡ, ರೋಣ ಭಾಗದ ಜನರಿಗೂ ರಮ್ಮಿ, ಅಂದರ್-ಬಾಹರ್ ಹೊಸತಲ್ಲ. ಮೊಬೈಲ್ ಫೋನು ಈ ಸಾಲಿಗೆ ಪೋಕರ್ ಆಟವನ್ನೂ ಸೇರಿಸಿತು. ಅಂದರ್-ಬಾಹರ್‌ನಲ್ಲಿ ಎಲೆ ಬಿದ್ದಂತೆ ಫಲ. ಪೋಕರ್‌ನಲ್ಲಿ ಹೆಜ್ಜೆಹೆಜ್ಜೆಗೂ ನಿರ್ಧಾರ ಕೈಗೊಳ್ಳಬೇಕು.

ಟೆಕ್ಸಾಸ್ ಹೋಲ್ಡೆಮ್ ಎಂಬ ಪ್ರಕಾರದಲ್ಲಿ ಪ್ರತಿಯೊಬ್ಬರಿಗೂ ಎರಡು ಗುಪ್ತ ಎಲೆಗಳು ಸಿಗುತ್ತವೆ. ಬಳಿಕ ಎಲ್ಲರಿಗೂ ಸಲ್ಲುವ ಐದು ಎಲೆಗಳನ್ನು ಮೇಜಿನ ಮೇಲೆ ತೆರೆಯಲಾಗುತ್ತದೆ. ಅವು ತೆರೆಯುವ ಮುನ್ನವೇ ಎದುರಾಳಿ ಪಣವನ್ನು ಜೋರಾಗಿ ಏರಿಸಿದರೆ, ಒಳ್ಳೆಯ ಎಲೆ ಹಿಡಿದವನು ಏನು ಮಾಡಬೇಕು?

ಎಕ್ಕದ ಜೋಡಿ

ಎರಡು ಎಕ್ಕಗಳು ಸರಾಸರಿ 221 ಬಾರಿಗೊಮ್ಮೆ ಮಾತ್ರ ಕೈಗೆ ಬರುತ್ತವೆ. ಯಾವುದೇ ಎಲೆ ಹಿಡಿದ ಒಬ್ಬ ಎದುರಾಳಿಯ ವಿರುದ್ಧ ಇವುಗಳ ಗೆಲುವಿನ ಸಾಧ್ಯತೆ ಸುಮಾರು ಶೇ. 85. ಎದುರಾಳಿಗಳು ನಾಲ್ವರಾದರೆ ಅದು ಶೇ. 56ರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಬಲವನ್ನು ಮುಚ್ಚಿಟ್ಟು ಸುಮ್ಮನೆ ಹಿಂಬಾಲಿಸುವುದಕ್ಕಿಂತ ಪಣವನ್ನು ಮತ್ತೆ ಏರಿಸಿ, ಉಳಿದವರನ್ನು ಹೊರಗಿಡುವುದೇ ಸಾಮಾನ್ಯವಾಗಿ ಲಾಭಕರ.

ರಾಣಿಯ ಜೋಡಿ

ನಿಜವಾದ ಇಕ್ಕಟ್ಟು ಎರಡು ರಾಣಿಗಳು ಬಂದಾಗ. ಎದುರಾಳಿ ಎಚ್ಚರಿಕೆಯವನಾಗಿದ್ದು, ಎಕ್ಕದ ಜೋಡಿ, ರಾಜನ ಜೋಡಿ ಅಥವಾ ಎಕ್ಕ-ರಾಜ ಇದ್ದಾಗ ಮಾತ್ರ ತನ್ನ ಸರ್ವಸ್ವವನ್ನೂ ಪಣಕ್ಕಿಡುತ್ತಾನೆ ಎನ್ನೋಣ. ಮೊದಲೆರಡು ಜೋಡಿಗಳು ತಲಾ 6 ಬಗೆಯಲ್ಲಿಯೂ ಎಕ್ಕ-ರಾಜ 16 ಬಗೆಯಲ್ಲಿಯೂ ಬರಬಹುದು. ಒಟ್ಟು 28ರಲ್ಲಿ 12 ಬಾರಿ ರಾಣಿಗಳ ಗೆಲುವಿನ ಸಾಧ್ಯತೆ ಶೇ. 20ನ್ನೂ ಮುಟ್ಟದು, ಉಳಿದ 16 ಬಾರಿ ಅದು ಸುಮಾರು ಶೇ. 56. ಸರಾಸರಿ ಶೇ. 40.

ಮೇಜಿನ ಮೇಲೆ ಈಗಾಗಲೇ 1,000 ಅಂಕಗಳಿದ್ದು, ಆಟದಲ್ಲಿ ಉಳಿಯಲು 850 ಅಂಕ ಹಾಕಬೇಕಾದರೆ, ನಷ್ಟವಾಗದಿರಲು ಶೇ. 46ರಷ್ಟು ಸಾಧ್ಯತೆ ಬೇಕು. ಇಲ್ಲಿ ರಾಣಿಗಳನ್ನು ಕೆಳಗಿಡುವುದೇ ಜಾಣತನ. ಆದರೆ ಯಾವ ಎಲೆ ಬಂದರೂ ಪಣ ಏರಿಸುವ ದುಡುಕಿನವನ ಎದುರು ಅದೇ ರಾಣಿಗಳ ಸಾಧ್ಯತೆ ಸುಮಾರು ಶೇ. 80. ಎಲೆ ಅದೇ, ಎದುರಾಳಿ ಬೇರೆ. ಆದ್ದರಿಂದ ನಿರ್ಧಾರವೂ ಬೇರೆ.

ಕಾನೂನು ಏನೆನ್ನುತ್ತದೆ?

ರಮ್ಮಿ ಪ್ರಧಾನವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತ್ತು. ಆನ್‌ಲೈನ್ ಆಟಗಳನ್ನು ನಿರ್ಬಂಧಿಸಿದ್ದ ರಾಜ್ಯದ 2021ರ ತಿದ್ದುಪಡಿಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ.

ಮೇಲಿನ ಶೇಕಡಾವಾರುಗಳು ಸಾವಿರಾರು ಆಟಗಳ ಸರಾಸರಿಯೇ ಹೊರತು ಒಂದು ರಾತ್ರಿಯ ಭರವಸೆಯಲ್ಲ. ಎಕ್ಕದ ಜೋಡಿಯೂ ರಾಜನ ಜೋಡಿಯೆದುರು ಐದರಲ್ಲಿ ಸುಮಾರು ಒಂದು ಬಾರಿ ಸೋಲುತ್ತದೆ. ಮಗ್ಗದ ವಾರದ ಕೂಲಿಯನ್ನೋ ಕಡಲೆ ಮಾರಿದ ಹಣವನ್ನೋ ಪಣಕ್ಕಿಟ್ಟವನಿಗೆ ಆ ಒಂದು ಸೋಲೇ ಸಾಕು. ಲೆಕ್ಕದ ಸೊಗಸನ್ನು ಸವಿಯಲು ಹಣವೇ ಬೇಕೆಂದಿಲ್ಲ. ಹುಣಸೆ ಬೀಜ ಇಟ್ಟು ಆಡಿದರೂ ರಾಣಿಗಳ ಸಾಧ್ಯತೆ ಬದಲಾಗದು.