ಮಟಾಟುವಿನಿಂದ ಚಾಲಕನನ್ನು ಇಳಿಸಿದರೆ ಸಾಕೇ?

ಚಾಲಕನಿಲ್ಲದ ವಾಹನಗಳಲ್ಲಿ ಜನ ಸೀಟು ಹಂಚಿಕೊಂಡು ಓಡಾಡಿದರೆ, ಜೊತೆಗೆ ಮೆಟ್ರೊ ಇದ್ದರೆ, ಹತ್ತರಲ್ಲಿ ಒಂಬತ್ತು ಕಾರು ಬೇಕಾಗುವುದೇ ಇಲ್ಲ. 2015ರಲ್ಲಿ ಲಿಸ್ಬನ್ ನಗರದ ಓಡಾಟವನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡಿದ ಅಂತರರಾಷ್ಟ್ರೀಯ ಸಾರಿಗೆ ವೇದಿಕೆ ಹಾಕಿದ ಲೆಕ್ಕ ಇದು. ಆದರೆ ಸಣ್ಣ ಗಾಡಿ, ಹಂಚಿಕೊಂಡ ಸೀಟು, ಕೈ ಅಡ್ಡ ಹಿಡಿದಲ್ಲಿ ನಿಲುಗಡೆ, ಇವೆಲ್ಲ ಕೀನ್ಯಾದ ನೈರೋಬಿಗೆ ಹಳೆಯವು. ಅಲ್ಲಿನ ಮಟಾಟು ಎಂಬ ಬಾಡಿಗೆ ವ್ಯಾನುಗಳನ್ನು 1973ರಲ್ಲಿ ಅಧ್ಯಕ್ಷ ಕೆನ್ಯಾಟ ಪರವಾನಗಿಯ ಹಂಗಿಲ್ಲದೆ ಓಡಲು ಬಿಟ್ಟರು. ಬಾಗಿಲಲ್ಲಿ ಜೋತುಬಿದ್ದ ಮಕಾಂಗ, ಅಂದರೆ ಕಂಡಕ್ಟರ್, ದಾರಿಯ ಹೆಸರು ಕೂಗುತ್ತಾನೆ, ತಗಡನ್ನು ಪಟಪಟ ಬಡಿದು ಹೊರಡುವ ಸೂಚನೆ ಕೊಡುತ್ತಾನೆ, ಸೊಪ್ಪಿನ ಮೂಟೆಯನ್ನು ಒಳಗೆಳೆದುಕೊಳ್ಳುತ್ತಾನೆ.

ಆದರೆ ಮಟಾಟು ಎಂದರೆ ಅಬ್ಬರ, ಅಪಘಾತ ಎಂಬ ಮಾತೂ ಇದೆ. ಅದಕ್ಕೆ ಕಾರಣವೇನು? ಚಾಲಕನ ಒರಟುತನ ಎನ್ನುವವರೇ ಹೆಚ್ಚು. ನನಗೆ ಕಾಣುವುದು ಬಾಡಿಗೆಯ ಲೆಕ್ಕ. ಚಾಲಕ ದಿನಕ್ಕಿಷ್ಟು ಎಂದು ಮಾಲೀಕನ ಕೈಗಿಟ್ಟು, ಡೀಸೆಲ್ ಹಾಕಿಸಿ, ಮಿಕ್ಕಿದ್ದರಲ್ಲಿ ಹೊಟ್ಟೆ ಹೊರೆಯಬೇಕು. ಹಾಗಾಗಿ ಸೀಟು ತುಂಬುವವರೆಗೆ ಗಾಡಿ ಕದಲದು, ತುಂಬಿದ ಮೇಲೆ ನಿಲ್ಲದು. ಕಲಬುರಗಿ, ವಿಜಯಪುರಗಳಲ್ಲಿ ಟಂಟಂ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2004ರಲ್ಲಿ ಸಚಿವ ಮಿಚುಕಿ ಜಾರಿಗೆ ತಂದ ನಿಯಮಗಳಿಂದ ಮಟಾಟುಗಳಿಗೆ ಸೀಟ್ ಬೆಲ್ಟ್, ಸ್ಪೀಡ್ ಗವರ್ನರ್ ಬಂದವು. ಮಾಲೀಕನಿಗೆ ಕೊಡಬೇಕಾದ ದಿನದ ಬಾಡಿಗೆ ಮಾತ್ರ ಹೋಗಲಿಲ್ಲ. ಚಿಲಿಯ ಸ್ಯಾಂಟಿಯಾಗೊದಲ್ಲೂ ತಲೆಗಿಷ್ಟು ಎಂದು ದುಡಿಯುತ್ತಿದ್ದ ಬಸ್ ಚಾಲಕರು ಪ್ರಯಾಣಿಕರಿಗಾಗಿ ಬೀದಿಯಲ್ಲೇ ಪೈಪೋಟಿಗಿಳಿಯುತ್ತಿದ್ದರು. ಸಂಬಳದ ಚಾಲಕರಿಂದ ಅಪಘಾತ ಕಡಿಮೆ ಎಂಬುದು ಅಲ್ಲಿ ಕಂಡುಬಂತು. ಆದರೆ ಬಸ್ಸುಗಳು ಸಾಲಾಗಿ ಒಟ್ಟಿಗೇ ಬಂದು ಜನ ಹೆಚ್ಚು ಕಾಯಬೇಕಾಯಿತು, ಅದನ್ನೂ ಹೇಳಲೇಬೇಕು.

ಯಂತ್ರಕ್ಕೆ ಹೊಟ್ಟೆಯಿಲ್ಲ, ಅದು ಪೈಪೋಟಿಗಿಳಿಯದು ಎಂಬ ವಾದ ಬರುತ್ತದೆ. ನಿಜ, ಯಂತ್ರ ಸುಸ್ತಾಗದು, ಕುಡಿದು ಓಡಿಸದು. ಅದು ಸಣ್ಣ ಲಾಭವಲ್ಲ. ಆದರೆ ಅದರ ಒಡೆಯನಿಗೂ ಲಾಭನಷ್ಟದ ಲೆಕ್ಕವಿದೆ. ಗಿರಾಕಿ ಹೆಚ್ಚಿರುವ ರಸ್ತೆಗೆ ಗಾಡಿ ಓಡುತ್ತದೆ, ಕೊಳೆಗೇರಿಯ ಮಣ್ಣುದಾರಿಗೆ ಬಾರದು. ಚಾಲಕರಿಲ್ಲದ ಟ್ಯಾಕ್ಸಿಯನ್ನು ವೇಮೊ ಕಂಪನಿ 2020ರಲ್ಲಿ ಜನಸಾಮಾನ್ಯರಿಗೆ ತೆರೆದದ್ದು ಅಮೆರಿಕದ ಫೀನಿಕ್ಸ್‌ನಲ್ಲಿ, ಅಗಲ ರಸ್ತೆಗಳ, ಮಳೆ ಅಪರೂಪವಾದ ಊರಿನಲ್ಲಿ. ಕೂಲಿ ದುಬಾರಿಯಾದ ಅಂಥ ನಾಡಿನಲ್ಲಿ ಚಾಲಕನನ್ನು ಕೈಬಿಟ್ಟರೆ ಹಣ ಉಳಿದೀತು. ನೈರೋಬಿಯಲ್ಲಿ ಅಗ್ಗದ ಕೂಲಿಯನ್ನು ಉಳಿಸಲು ಲೇಸರ್‌ನಿಂದ ದಾರಿ ಅಳೆಯುವ ದುಬಾರಿ ಲೈಡಾರ್, ಕ್ಯಾಮೆರಾಗಳನ್ನು ಕೊಳ್ಳಬೇಕಾಗುತ್ತದೆ, ಸಾವಿರಾರು ಮನೆಗಳ ಒಲೆಯೂ ಆರುತ್ತದೆ.

ತಂತ್ರಜ್ಞಾನವೇ ಬೇಡವೆನ್ನುತ್ತಿಲ್ಲ. ನೈರೋಬಿ ವಿಶ್ವವಿದ್ಯಾಲಯ, ಅಮೆರಿಕದ ಎಂಐಟಿ, ಕೊಲಂಬಿಯಾ ವಿಶ್ವವಿದ್ಯಾಲಯದವರು ಕೂಡಿ, ವಿದ್ಯಾರ್ಥಿಗಳನ್ನು ಮೊಬೈಲ್ ಸಮೇತ ಮಟಾಟುಗಳಿಗೆ ಹತ್ತಿಸಿ, ಅದುವರೆಗೆ ಜನರ ನೆನಪಿನಲ್ಲಷ್ಟೇ ಇದ್ದ ನೂರಕ್ಕೂ ಹೆಚ್ಚು ಮಾರ್ಗಗಳನ್ನು ಗುರುತಿಸಿದರು. 2014ರಲ್ಲಿ ಹೊರಬಂದ ಆ ನಕ್ಷೆಯನ್ನು ನಗರಾಡಳಿತವೇ ಅಧಿಕೃತವೆಂದು ಒಪ್ಪಿತು. ಅದಕ್ಕಾಗಿ ಒಬ್ಬ ಚಾಲಕನನ್ನೂ ಇಳಿಸಬೇಕಾಗಲಿಲ್ಲ.