ಡಿಸೆಂಬರ್ 31ರ ರಾತ್ರಿ ನಾವು ಎದ್ದಿರುವುದು ಯಾಕೆ?

ದೇವರಿಗಾಗಿ ರಾತ್ರಿ ಎದ್ದಿರುವುದು ನಮ್ಮ ಜಹೀರಾಬಾದ್ ಕಡೆ ಯಾರಿಗೂ ಹೊಸದಲ್ಲ. ಶಿವರಾತ್ರಿ ಬಂತೆಂದರೆ ಝರಾಸಂಗಮದ ಕೇತಕಿ ಸಂಗಮೇಶ್ವರನ ಗುಡಿಗೆ ಬೀದರ ಕಡೆಯಿಂದಲೂ ಜನ ಬರುತ್ತಾರೆ. ರಂಜಾನಿನ ಬಡೀ ರಾತ್ ದಿನ ಮಸೀದಿಯ ದೀಪ ಬೆಳಗಿನವರೆಗೆ ಆರುವುದಿಲ್ಲ. ಕ್ರೈಸ್ತರಾದ ನಮ್ಮ ಪಾಲಿಗೆ ಡಿಸೆಂಬರ್ 31. ರಾತ್ರಿ ಹತ್ತಕ್ಕೆ ಚರ್ಚಿಗೆ ಹೋದರೆ ಮನೆ ಸೇರುವಾಗ ಒಂದು ಗಂಟೆ. ‘ವಾಚ್ ನೈಟ್’ ಅನ್ನುತ್ತೇವೆ, ತೆಲುಗಿನವರೂ ಕನ್ನಡದವರೂ. ಊರಿನ ಉಳಿದವರು ಅದನ್ನು ಹೊಸ ವರ್ಷದ ಪ್ರಾರ್ಥನೆ ಅಂದುಕೊಂಡಿದ್ದಾರೆ. ಈಗೀಗ ನಮ್ಮ ಹುಡುಗರೂ ಹಾಗೇ ಅಂದುಕೊಂಡಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ನಾರಾಯಣಖೇಡದ ಹತ್ತಿರದ ಹಳ್ಳಿಯಲ್ಲಿ, ಸಮಾಜ ವಿಜ್ಞಾನದ ಟೀಚರಾಗಿ ರಿಟೈರಾಗಿದ್ದು ಜಹೀರಾಬಾದಿನಲ್ಲಿ, ಮಗಳನ್ನು ಕೊಟ್ಟಿದ್ದು ತಾಂಡೂರಿಗೆ. 1956ರ ನವೆಂಬರ್ 1ಕ್ಕೆ ಮುಂಚೆ ಮೊದಲೆರಡು ಊರು ಬೀದರ ಜಿಲ್ಲೆಯವು, ತಾಂಡೂರು ಗುಲ್ಬರ್ಗಾ ಜಿಲ್ಲೆಯದು. ಗಡಿ ಸರಿದರೂ ನಮ್ಮ ಬಾಯಿ ಸರಿಯಲಿಲ್ಲ. ಮನೆಯ ಪ್ರಾರ್ಥನೆ ಕನ್ನಡದಲ್ಲಿ, ಚರ್ಚಿನದು ತೆಲುಗಿನಲ್ಲಿ, ಸಂತೆಯ ಚೌಕಾಸಿ ಉರ್ದುವಿನಲ್ಲಿ ನಡೆಯುತ್ತದೆ. ನಾವು ಮೆಥಡಿಸ್ಟರು. ನವೆಂಬರಿನಲ್ಲಿ ವಿಕಾರಾಬಾದ್–ತಾಂಡೂರು ದಾರಿಯ ಧಾರೂರಿನಲ್ಲಿ ಗುಡಾರ ಹಾಕಿಕೊಂಡು ‘ಜಾತ್ರೆ’ ಮಾಡುವ ಕ್ರೈಸ್ತರು ನಾವೇ.

ವಾಚ್ ನೈಟ್ ಹುಟ್ಟಿದ್ದು ಹೊಸ ವರ್ಷಕ್ಕಾಗಿ ಅಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಪಕ್ಕದ ಕಿಂಗ್ಸ್‌ವುಡ್‌ನಲ್ಲಿ ಕಲ್ಲಿದ್ದಲು ಗಣಿಯ ಕೂಲಿಗಳಿದ್ದರು. ಮೊದಲು ಅವರ ರಾತ್ರಿಗಳು ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದವು. ನಮ್ಮ ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಮಾತು ಕೇಳಿ ಬದಲಾದ ಮೇಲೆ ಅದೇ ರಾತ್ರಿಗಳನ್ನು ಪ್ರಾರ್ಥನೆ, ಹಾಡುಗಳಲ್ಲಿ ಕಳೆಯತೊಡಗಿದರು. ಇದು 1740ರ ಸುಮಾರಿನ ಮಾತು. ಇದನ್ನು ನಿಲ್ಲಿಸಿ ಎಂದು ಕೆಲವರು ವೆಸ್ಲಿಗೆ ಬುದ್ಧಿ ಹೇಳಿದರು. ಆತ ನಿಲ್ಲಿಸುವ ಬದಲು ತಾನೇ ಹೋಗಿ ಕೂತ. ಆಮೇಲೆ ಹುಣ್ಣಿಮೆಗೆ ಹತ್ತಿರದ ಶುಕ್ರವಾರವನ್ನು ಗೊತ್ತು ಮಾಡಿದ. ದೂರದಿಂದ ಬಂದವರು ನಡುರಾತ್ರಿ ಮನೆಗೆ ಹೋಗಲು ಬೆಳದಿಂಗಳು ಬೇಕಲ್ಲ, ಅದಕ್ಕೆ. ಧರ್ಮದ ಇತಿಹಾಸದಲ್ಲಿ ಇಷ್ಟು ಲೋಕಜ್ಞಾನದ ತೀರ್ಮಾನ ನಾನು ಕಂಡದ್ದು ಕಡಿಮೆ.

ವೆಸ್ಲಿಗೆ ಇಂಥ ರೂಢಿಗಳ ಪರಿಚಯ ಜರ್ಮನಿಯ ಹೆರ್ನ್‌ಹುಟ್ ಎಂಬ ಹಳ್ಳಿಯ ಮೊರೇವಿಯನ್ ಕ್ರೈಸ್ತರಿಂದ ಆಗಿತ್ತು. ಅಲ್ಲಿ 1727ರ ಆಗಸ್ಟಿನಲ್ಲಿ ಗಂಡಸರೂ ಹೆಂಗಸರೂ ದಿನದ ಒಂದೊಂದು ತಾಸು ಹಂಚಿಕೊಂಡು ಪ್ರಾರ್ಥನೆಗೆ ಕೂತರು. ಒಬ್ಬರು ಏಳುವಾಗ ಇನ್ನೊಬ್ಬರು ಕೂರಬೇಕು, ಹಗಲಿರುಳು ಸರಪಳಿ ಕಡಿಯಬಾರದು. ಮರುವರ್ಷದಿಂದ ಪ್ರತಿ ದಿನಕ್ಕೊಂದು ವಚನವನ್ನು ಮನೆಮನೆಗೆ ಒಯ್ದು ಹೇಳುವ ರೂಢಿಯೂ ಬಂತು, ಮುಂದೆ ಆ ವಚನಗಳನ್ನು ಚೀಟಿ ಎತ್ತಿ ಆರಿಸಿ ಅಚ್ಚು ಹಾಕಿಸತೊಡಗಿದರು. ನಮ್ಮಲ್ಲೂ ಚೀಟಿ ಎತ್ತುತ್ತೇವೆ. ಹನ್ನೆರಡು ಹೊಡೆದ ಕೂಡಲೇ ತಟ್ಟೆಯಲ್ಲಿ ‘ವಾಗ್ದಾನದ ಕಾರ್ಡು’ ಬರುತ್ತದೆ, ಕೈಗೆ ಬಂದ ವಚನವೇ ಆ ವರ್ಷಕ್ಕೆ. ಆದರೆ ಹೆರ್ನ್‌ಹುಟ್‌ನವರ ವಚನ ಒಂದು ದಿನದ್ದು, ಸಂಜೆಯೊಳಗೆ ಅದರ ಲೆಕ್ಕ ಮುಗಿಯಬೇಕು. ನಮ್ಮದನ್ನು ಬೀರುವಿಗೆ ಅಂಟಿಸಿ ಜನವರಿ ಎರಡಕ್ಕೆ ಮರೆಯುತ್ತೇವೆ. ಐಶ್ವರ್ಯದ ವಚನ ಬಂದವರು ನಗುತ್ತಾರೆ, ಸಂಕಟದ ವಚನ ಬಂದವರು ಗುಟ್ಟಾಗಿ ಇನ್ನೊಂದು ಎತ್ತುತ್ತಾರೆ.

ಎಚ್ಚರವಾಗಿರಬೇಕೆಂಬ ಮಾತನ್ನು ಯೇಸು ಎಲ್ಲಿ ಹೇಳಿದ, ಯಾಕೆ ಹೇಳಿದ ಅನ್ನುವುದನ್ನು ನೋಡಬೇಕು. ಮಾರ್ಕನ ಸುವಾರ್ತೆಯ 13ನೇ ಅಧ್ಯಾಯದ ಕೊನೆಯಲ್ಲಿ ಒಂದು ಪುಟ್ಟ ಕಥೆ ಇದೆ. ಯಜಮಾನ ಪರ ಊರಿಗೆ ಹೊರಟಿದ್ದಾನೆ. ಆಳುಗಳಿಗೆಲ್ಲ ಅವರವರ ಕೆಲಸ ಹಂಚಿ, ಬಾಗಿಲು ಕಾಯುವವನಿಗೆ ಎಚ್ಚರವಾಗಿರು ಅನ್ನುತ್ತಾನೆ. ಬರುವ ಹೊತ್ತು ಹೇಳುವುದಿಲ್ಲ. ಸಂಜೆಗೆ ಬರಬಹುದು, ನಡುರಾತ್ರಿ ಬರಬಹುದು, ಕೋಳಿ ಕೂಗುವಾಗ ಅಥವಾ ಬೆಳಗಾಗುವಾಗ ಬರಬಹುದು. ರೋಮನ್ನರು ರಾತ್ರಿಯನ್ನು ನಾಲ್ಕು ಜಾವವಾಗಿ ಭಾಗ ಮಾಡುತ್ತಿದ್ದರು, ಇವು ಅವೇ ನಾಲ್ಕು.

ಇದನ್ನು ಓದಿ ಪುಟ ತಿರುಗಿಸಿದರೆ ಯೇಸುವಿನ ಕೊನೆಯ ರಾತ್ರಿ. ಸಂಜೆ ಹನ್ನೆರಡು ಮಂದಿಯ ಜೊತೆ ಊಟ. ಒಬ್ಬ ಹಿಡಿದುಕೊಡುತ್ತಾನೆಂದು ಗೊತ್ತಾಗುವುದು ಅಲ್ಲೇ. ಊಟ ಮುಗಿದು ರಾತ್ರಿ ಗೆತ್ಸೆಮನೆ ತೋಟದಲ್ಲಿ ಮೂವರು ಶಿಷ್ಯರು ನಿದ್ದೆ ಹೋಗುತ್ತಾರೆ, ಗುರು ಮೂರು ಸಲ ಬಂದು ನೋಡಿದರೂ ನಿದ್ದೆಯೇ. ಕೋಳಿ ಕೂಗುವ ಹೊತ್ತಿಗೆ ಪೇತ್ರ ಆತ ನನಗೆ ಗೊತ್ತೇ ಇಲ್ಲ ಅನ್ನುತ್ತಾನೆ. ಬೆಳಗಾಗುತ್ತಲೇ ಆತನನ್ನು ಕಟ್ಟಿ ಪಿಲಾತನಿಗೆ ಒಪ್ಪಿಸುತ್ತಾರೆ. ಕಥೆಯ ನಾಲ್ಕು ಜಾವ ಇಲ್ಲಿ ಒಂದೊಂದಾಗಿ ಬಂದು ಹೋಗುತ್ತವೆ. ಅವರು ಕಾಯಬೇಕಾದ ಗಳಿಗೆ ಮುಂದೆಲ್ಲೋ ಆಕಾಶದಲ್ಲಿ ಇರಲಿಲ್ಲ. ಅದೇ ರಾತ್ರಿ, ಅವರ ಮುಂದೆಯೇ, ಬೆವರುತ್ತಿದ್ದ ಒಬ್ಬ ಗೆಳೆಯನ ರೂಪದಲ್ಲಿ ಇತ್ತು. ಬೈಬಲ್ ಪಂಡಿತರು ಈ ಹೊಂದಿಕೆಯನ್ನು ಗುರುತಿಸಿ ಬಹಳ ಕಾಲವಾಯಿತು. ನನಗೆ ಗೊತ್ತಾದದ್ದು ತಡವಾಗಿ, ಗೊತ್ತಾದ ಮೇಲೆ ಆ ಅಧ್ಯಾಯವನ್ನು ಮೊದಲಿನ ಹಾಗೆ ಓದಲು ಆಗಿಲ್ಲ.

ಕ್ರಿಸ್ತ ಮತ್ತೆ ಬರುವ ತಾರೀಖು ಹೇಳುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಅಮೆರಿಕದ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕ್ರಿಸ್ತ ಬರುತ್ತಾನೆಂದು ನಂಬಿ ಕೂತರು. ಎಷ್ಟೋ ರೈತರು ಆ ವರ್ಷದ ಬೆಳೆಯನ್ನೇ ಹೊಲದಲ್ಲಿ ಬಿಟ್ಟಿದ್ದರು. 2011ರಲ್ಲಿ ಅಲ್ಲಿನ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಮೇ 21 ಅಂದ, ಅದು ತಪ್ಪಿದ ಮೇಲೆ ಅಕ್ಟೋಬರ್ 21 ಅಂದ. ನಮ್ಮ ಹಳ್ಳಿಗಳಿಗೂ ನಕ್ಷೆ ಸುತ್ತಿಕೊಂಡು ಬರುವವರಿದ್ದಾರೆ: ಏಳು ತಲೆಯ ಮೃಗ, ಬಾಣದ ಗುರುತು, ಯಾವ ದೇಶದ ಯುದ್ಧ ಯಾವ ವಚನ. ಆ ದಿನ ತನಗೂ ಗೊತ್ತಿಲ್ಲವೆಂದು ಯೇಸುವೇ ಹೇಳಿದ ಮೇಲೆ ಇವರಿಗೆ ಗೊತ್ತಾದದ್ದು ಹೇಗೋ! ತಾರೀಖು ಗೊತ್ತಿದ್ದವನು ಕಾಯುವುದಿಲ್ಲ, ಹಿಂದಿನ ದಿನದವರೆಗೆ ಹಾಯಾಗಿ ಮಲಗುತ್ತಾನೆ. ಕಥೆಯಲ್ಲಿ ಬಾಗಿಲು ಕಾಯುವವನ ಜೊತೆಗೆ ಉಳಿದ ಆಳುಗಳಿಗೂ ಕೆಲಸ ಹಂಚಿರುವುದನ್ನು ಈ ನಕ್ಷೆಯವರು ಗಮನಿಸುವುದೇ ಇಲ್ಲ.

ನನಗೆ ಎಚ್ಚರ ಕಲಿಸಿದವಳು ಆಯಿ. ಅವಳು ಬೈಬಲ್ ಬಾಯಿ ಆಗಿದ್ದಳು, ಅಂದರೆ ಮಿಷನ್ನಿನ ಪರವಾಗಿ ಹಳ್ಳಿಯ ಹೆಂಗಸರ ಮನೆಗೆ ಹೋಗಿ ಓದಿ ಹೇಳುವ ಕೆಲಸ. ರಾತ್ರಿ ಕಂದೀಲು ಸಣ್ಣಗೆ ಮಾಡುವ ಮುಂಚೆ ನಮ್ಮನ್ನೆಲ್ಲ ಕೂಡಿಸಿಕೊಂಡು ಕೇಳುವಳು:

“ಇವತ್ತ ಯಾರಿಗಿ ಏನಂದಿ? ಯಾರರ ಏನರ ಕೇಳಿದ್ರ ಇಲ್ಲ ಅಂದ್ಯೇನು?”

“ಏನಿಲ್ಲ ಆಯಿ.”

“ಏನಿಲ್ಲಂದ್ರ ನೋಡಿಲ್ಲ ನೀ. ಮತ್ತ ನೋಡು.”

ಮತ್ತೆ ನೋಡಿದರೆ ಇರುತ್ತಿತ್ತು. ನೀರು ಕೇಳಿದ ಮುದುಕನಿಗೆ ಕೊಡ ಖಾಲಿ ಅಂದದ್ದು, ತಂಗಿಯ ಪಾಲಿನ ಬೆಲ್ಲ ನೆಕ್ಕಿದ್ದು. ಆಯಿ ಬಯ್ಯುತ್ತಿರಲಿಲ್ಲ, ನಾಳೆ ಆ ಮುದುಕನ ಮನೆ ಮುಂದಿನಿಂದಲೇ ನೀರು ತಾ ಅನ್ನುತ್ತಿದ್ದಳು. ಹದಿನಾರನೇ ಶತಮಾನದಲ್ಲಿ ಲೊಯೋಲಾದ ಇಗ್ನೇಷಿಯಸ್ ದಿನಕ್ಕೆರಡು ಸಲ ಮನಸ್ಸಿನ ಲೆಕ್ಕ ನೋಡುವ ಕ್ರಮ ಬರೆದಿಟ್ಟದ್ದು ಟೀಚರಾದ ಮೇಲೆ ಓದಿದೆ. ಆಯಿ ಅವನ ಹೆಸರೂ ಕೇಳಿದವಳಲ್ಲ.

ಅವಳಿಗೆ ಅದು ಬಂದದ್ದು ನಮ್ಮ ಮೆಥಡಿಸ್ಟರ ‘ಕ್ಲಾಸ್ ಮೀಟಿಂಗ್’ನಿಂದ ಇರಬೇಕು. ಅದರ ಹುಟ್ಟೂ ತಮಾಷೆಯದೇ. 1742ರಲ್ಲಿ ಬ್ರಿಸ್ಟಲ್ಲಿನ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಹನ್ನೆರಡು ಜನಕ್ಕೊಬ್ಬ ಮುಖಂಡನನ್ನು ನೇಮಿಸಿ, ವಾರಕ್ಕೆ ತಲಾ ಒಂದು ಪೆನ್ನಿ ವಸೂಲಿ ಮಾಡಿಸಿದರು. ಮನೆಮನೆಗೆ ಹೋದ ಮುಖಂಡರಿಗೆ ಪೆನ್ನಿಯ ಜೊತೆಗೆ ಮನೆಯೊಳಗಿನ ಜಗಳ, ಕುಡಿತ, ಕಣ್ಣೀರು ಎಲ್ಲ ಕಂಡಿತು. ವಸೂಲಿಯ ಏರ್ಪಾಡೇ ಒಬ್ಬರನ್ನೊಬ್ಬರು ನೋಡಿಕೊಳ್ಳುವ ಏರ್ಪಾಡಾಯಿತು. ಒಬ್ಬಂಟಿಯಾಗಿ ಎಚ್ಚರವಾಗಿರುತ್ತೇನೆ ಅನ್ನುವವರನ್ನು ಕಂಡರೆ ನನಗೆ ಅಷ್ಟಾಗಿ ನಂಬಿಕೆ ಬಾರದು. ತನ್ನ ನಿದ್ದೆ ತನಗೆ ಕಾಣುವುದಿಲ್ಲ.

ಕಳೆದ ಸಲ ವಾಚ್ ನೈಟ್‌ಗೆ ತಾಂಡೂರಿನ ಮಗಳ ಮನೆಯಲ್ಲಿದ್ದೆ. ಆ ಊರಿನ ಸುತ್ತ ಫರಸಿ ಕಲ್ಲಿನ ಗಣಿಗಳು, ಕಲ್ಲು ಕೊಯ್ದು ಪಾಲಿಶ್ ಮಾಡುವ ಯೂನಿಟ್ಟುಗಳು. ಶಿಫ್ಟ್ ಮುಗಿಸಿ ನೇರ ಚರ್ಚಿಗೆ ಬಂದ ಇಬ್ಬರು ಹಿಂದಿನ ಸಾಲಿನಲ್ಲಿ ಕೂತರು. ಮುಖ ತೊಳೆದಿದ್ದರೂ ಹುಬ್ಬಿನಲ್ಲಿ, ಕಿವಿಯ ಹಿಂದೆ ಬಿಳಿ ಪುಡಿ ಹಾಗೇ ಇತ್ತು. ಮೂರನೇ ಹಾಡಿಗೆ ಒಬ್ಬನ ಕುತ್ತಿಗೆ ವಾಲಿತು. ಪಕ್ಕದವನು ಎಬ್ಬಿಸಲಿಲ್ಲ. ತನ್ನ ಶಾಲನ್ನು ಮಡಿಸಿ, ಗೋಡೆಗೆ ತಾಗುತ್ತಿದ್ದ ಆ ತಲೆಯ ಕೆಳಗೆ ಇಟ್ಟು ಹಾಡು ಮುಂದುವರಿಸಿದ. ವೇದಿಕೆಯ ಮೇಲಿನಿಂದ ನಿದ್ದೆ ಮಾಡುವವರ ಬಗ್ಗೆ ಒಂದು ಮಾತು ಬಂತು, ಕೆಲವರು ತಿರುಗಿ ನೋಡಿ ನಕ್ಕರು. ಆ ರಾತ್ರಿ ಅಲ್ಲಿ ಯಾರು ಎಚ್ಚರವಿದ್ದರು ಅಂತ ನನ್ನನ್ನು ಕೇಳಿದರೆ ಶಾಲಿನವನ ಕಡೆ ಬೆರಳು ತೋರಿಸುತ್ತೇನೆ.

ಈ ವರ್ಷ ಜಹೀರಾಬಾದಿನಲ್ಲಿ ನಾವು ಕೆಲವು ಹೆಂಗಸರು ಸೇರಿ ಅಯ್ಯಗಾರಿಗೆ, ಅಂದರೆ ನಮ್ಮ ಪಾಸ್ಟರಿಗೆ, ಒಂದು ಅರ್ಜಿ ಕೊಟ್ಟಿದ್ದೇವೆ. ಹನ್ನೊಂದೂವರೆಯಿಂದ ಹನ್ನೆರಡರವರೆಗೆ ಮೈಕ್ ಬೇಡ, ಕೀಬೋರ್ಡ್ ಬೇಡ. ಹತ್ತು ಹನ್ನೆರಡು ಜನರಂತೆ ಸುತ್ತ ಕೂತು, ವರ್ಷದಲ್ಲಿ ಯಾರಿಗೆ ಏನಂದೆವು, ಯಾರಿಗೆ ಇಲ್ಲವೆಂದೆವು ಅನ್ನುವುದನ್ನು ಹೇಳಿಕೊಳ್ಳೋಣ. ಆಮೇಲೆ ಕಾರ್ಡು ಎತ್ತೋಣ. ಯುವಕರ ಸಂಘದವರು ಒಪ್ಪಿಲ್ಲ. ಅಷ್ಟು ಹೊತ್ತು ಸೌಂಡ್ ಇಲ್ಲದಿದ್ದರೆ ಹುಡುಗರು ಹೊರಗೆ ಹೋಗಿ ಪಟಾಕಿ ಹಚ್ಚುತ್ತಾರೆ ಅನ್ನುತ್ತಾರೆ. ಕಾಲು ಗಂಟೆಗೆ ಇಳಿಸಿಕೊಳ್ಳಿ ಅಂತ ಅಯ್ಯಗಾರು ಹೇಳಿ ಕಳಿಸಿದ್ದಾರೆ. ಇಪ್ಪತ್ತು ನಿಮಿಷಕ್ಕೆ ನಾವು ಕೂತಿದ್ದೇವೆ.